ರೇಣವ್ವನ ಉಸಿರು

ಘೋಣಸಗಿಯಲ್ಲಿ ಗುರುಬಾಯಿಯಷ್ಟು ಕೌದಿ ಒಗೆದ ಹೆಂಗಸು ಇನ್ನೊಬ್ಬಳಿಲ್ಲ. ಇದನ್ನು ಹೊಗಳಿಕೆ ಎಂದೇ ತಿಳಿಯಿರಿ, ಊರವರೂ ಹಾಗೇ ತಿಳಿದಿದ್ದರು. ಉಳಿದ ಮನೆಗಳಲ್ಲಿ ವರ್ಷಕ್ಕೊಮ್ಮೆ, ಮಹಾನವಮಿಯ ಘಟ ಕೂಡಿಸುವ ಮುಂಚೆ, ಹಾಸಿಗೆ ಹೊದಿಕೆಗಳನ್ನೆಲ್ಲ ಗಂಟು ಕಟ್ಟಿ, ಟ್ರ್ಯಾಕ್ಟರಿಗೆ ಹೇರಿ, ನೀರಿದ್ದಲ್ಲಿಗೆ ಒಯ್ಯುತ್ತಾರೆ. ಒಗೆದು ಒಣಗಿಸಿ ತಂದರೆ ಮುಗಿಯಿತು, ಇನ್ನು ಅವು ನೀರು ಕಾಣುವುದು ಮುಂದಿನ ಮಹಾನವಮಿಗೇ. ಗುರುಬಾಯಿಗೆ ಅಷ್ಟಕ್ಕೆ ಸಮಾಧಾನವಿಲ್ಲ. ಬೀಗರು ಬಂದು ಮಲಗಿ ಹೋದರೆ ಒಗೆಯಬೇಕು, ಯಾವುದೋ ಕೂಸು ಮೂಗು ಒರೆಸಿದರೆ ಒಗೆಯಬೇಕು. ಹಳೆ ಸೀರೆಗಳನ್ನು ಪದರ ಪದರ ಸೇರಿಸಿ ಹೊಲಿದ ಕೌದಿ ನೀರು ಕುಡಿದರೆ ಎತ್ತಲು ಇಬ್ಬರು ಬೇಕು, ಈಕೆ ಒಬ್ಬಳೇ ಎತ್ತಿ ಕಲ್ಲಿಗೆ ಬಡಿಯುವಳು. ಹೆಚ್ಚು ಹೊತ್ತು ಅಲುಗಾಡದೆ ಕೂತರೆ ತನ್ನನ್ನೂ ನೆನೆಹಾಕಿಯಾಳು ಎಂದು ಗಂಡ ಚಂದ್ರಕಾಂತ ಕಟ್ಟೆಯ ಮೇಲೆ ಕೂತು ಚೇಷ್ಟೆ ಮಾಡುತ್ತಿದ್ದ.

ಈ ಗೀಳು ಹತ್ತಿಸಿದವಳು ಅತ್ತೆ ರೇಣವ್ವ. ಬರೀ ಅತ್ತೆಯಲ್ಲ, ಗುರುಬಾಯಿಯ ಅಪ್ಪನ ಸ್ವಂತ ತಂಗಿ, ಅಂದರೆ ಸೋದರತ್ತೆ. ಒಂದೇ ರಕ್ತ, ಒಂದೇ ಮೂಗು, ಒಂದೇ ಹಟ. ಇಬ್ಬರೂ ಜಗಳಕ್ಕೆ ನಿಂತರೆ ಒಬ್ಬಳೇ ಎರಡು ಬಾಯಿಯಲ್ಲಿ ಮಾತಾಡಿದಂತೆ ಕೇಳುತ್ತಿತ್ತಂತೆ. ಆದರೆ ಹೊತ್ತು ಮುಳುಗುವುದರೊಳಗೆ ಅದೇ ಇಬ್ಬರು ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರು. ಗುರುಬಾಯಿಯ ತಾಯಿ ಬೇಗ ತೀರಿದವಳು. ಆಕೆಗೆ ತಾಯಿ ಎಂದರೆ ರೇಣವ್ವನೇ, ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಮೊದಲೆಲ್ಲ ಊರ ಹೆಂಗಸರು ಹಳ್ಳದಲ್ಲಿ ಒಗೆದು ಕರಿಬಂಡೆಗಳ ಮೇಲೆ ಕೌದಿ ಹರವುತ್ತಿದ್ದರು. ಕಾಲುವೆಗೆ ನೀರು ಬಂದ ಮೇಲೆ ಹಳ್ಳವನ್ನು ಯಾರು ಕೇಳುತ್ತಾರೆ? ತಿಕೋಟಾ ಸೀಮೆಗೆ ನೀರು ಬಂತೆಂದರೆ ಸಣ್ಣ ಮಾತೇ? ಒಣ ಹೊಲಗಳಲ್ಲಿ ದ್ರಾಕ್ಷಿ ಎದ್ದಿತು, ಕಬ್ಬು ಎದ್ದಿತು, ಕಾಲುವೆಯ ದಂಡೆಯ ಮೇಲೆ ಎದೆಯೆತ್ತರ ಹಸಿರು ಎದ್ದಿತು. ಅದೇ ಸುಮಾರಿಗೆ ರೇಣವ್ವನಿಗೆ ದಮ್ಮು ಹತ್ತಿತು. ಮಳೆಗಾಲ ಮುಗಿಯುತ್ತ ಬಂದರೆ ಸೀನು, ಆಮೇಲೆ ಕಣ್ಣೀರು, ಆಮೇಲೆ ಎದೆಯೊಳಗೆ ಸಿಳ್ಳೆ. ವಯಸ್ಸಾತು ಎಂದರು ಊರವರು. ಸೂಜಿ ಮಾಡಿಸಿದರು, ಕಷಾಯ ಕುಡಿಸಿದರು, ಥಂಡಿಗೆ ಬಿಡಬೇಡಿ ಎಂದು ಹೇಳದವರಿಲ್ಲ.

ಕೊನೆಯ ವರ್ಷ ಗುರುಬಾಯಿ ಅತ್ತೆಗೆ ಮಾಡಿದ ಚಾಕರಿಯನ್ನು ಊರು ಇನ್ನೂ ನೆನೆಯುತ್ತದೆ. ರೇಣವ್ವನ ಮೈಮೇಲೆ ಒಂದು ಕೌದಿ, ದಂಡೆಯ ಬಿಸಿಲಿಗೆ ಇನ್ನೊಂದು. ಇದು ತುಸು ಬೆವರು ನಾರಿದರೆ ಅದು ಮೈಮೇಲೆ, ಇದು ನೀರಿಗೆ. ಬಿಸಿಬಿಸಿ ಕೌದಿಯನ್ನು ಕುತ್ತಿಗೆಯವರೆಗೆ ಎಳೆದು ಅಂಚು ಒಳಗೆ ಸಿಗಿಸುವಳು. ಮಹಾನವಮಿ ಅಮಾಸೆಗೆ ಮುಂಚೆ ಒಂದು ಬೆಳಗಿನ ಜಾವ ರೇಣವ್ವ ತೀರಿಕೊಂಡಳು. ಆಗ ಚಂದ್ರಕಾಂತ ಹತ್ತಿರವಿದ್ದ, ಗುರುಬಾಯಿ ಒಳಗಿದ್ದಳು. ಮಣ್ಣಿಗೆ ಬಂದ ಜನರೆದುರು ಚಂದ್ರಕಾಂತ, ಈಕೆ ಇರದಿದ್ದರೆ ಅವ್ವ ಎಂದೋ ಹೋಗುತ್ತಿದ್ದಳು ಎಂದು ದೊಡ್ಡ ಗಂಟಲಿನಿಂದ ಅತ್ತ. ಅಲ್ಲಿಂದ ಮುಂದೆ ಆ ಮಾತನ್ನು ಅವನು ಬಂದವರಿಗೆಲ್ಲ ಹೇಳತೊಡಗಿದ.

ರೇಣವ್ವನ ಉಳಿದ ಸೀರೆಗಳನ್ನೆಲ್ಲ ಸೇರಿಸಿ ಗುರುಬಾಯಿ ತಾನೇ ಒಂದು ಕೌದಿ ಹೊಲಿದಳು. ನಡುವೆ ಹಸಿರು ಇಳಕಲ್ಲು, ಸುತ್ತ ಕೆಂಪು ಸೆರಗಿನ ತುಂಡುಗಳು. ಅದನ್ನು ತಾನೇ ಹೊದ್ದಳು, ಬೇರೆಯವರಿಗೆ ಕೊಡಲಿಲ್ಲ.

ಮರುವರ್ಷ ಮಳೆ ಹಿಂದಾಯಿತು, ಹಿರಿಯರ ಪಕ್ಷ ಬಂತು. ಸತ್ತವರು ಮನೆಗೆ ಬಂದು ಎಡೆ ಉಂಡು ಹೋಗುವ ದಿನಗಳವು. ಗುರುಬಾಯಿಗೆ ಮೊದಲು ಸೀನು ಬಂತು. ಒಂದಲ್ಲ ಎರಡಲ್ಲ, ನಿಂತಲ್ಲೇ ಬಗ್ಗಿಸಿ ಹೊಡೆಯುವ ಸೀನು. ಕಣ್ಣು ಕೆಂಪಾಗಿ ಊದಿ, ಮಾತಾಡಿಸಲು ಬಂದವರು ಯಾಕೆ ಅಳುತ್ತಿ ಎಂದು ಕೇಳಿಹೋದರು. ಆಮೇಲೆ ಒಂದು ಮುಂಜಾನೆ ಚಂದ್ರಕಾಂತನಿಗೆ ಎಚ್ಚರವಾಯಿತು. ಪಡಸಾಲೆಯಲ್ಲಿ ಅವ್ವ ಉಸಿರಾಡುತ್ತಿದ್ದಳು. ಉದ್ದಕ್ಕೆ ಎಳೆಯುವ ಸಿಳ್ಳೆ, ಅದರ ತುದಿಗೆ ಚಿಲಕ ತಿರುಗಿದಂಥ ಸಣ್ಣ ಕಿರ್ರು. ಆ ಸದ್ದಿನ ಜೊತೆ ವರ್ಷಗಟ್ಟಲೆ ಮಲಗೆದ್ದವನು, ತಪ್ಪು ತಿಳಿಯುವುದು ಹೇಗೆ? ಅವ್ವ ಮಲಗುತ್ತಿದ್ದ ಮೂಲೆ ನೋಡಿದ, ಖಾಲಿ. ಸದ್ದು ಬರುತ್ತಿದ್ದುದು ಪಕ್ಕದಲ್ಲಿ ಮಲಗಿದ್ದ ಹೆಂಡತಿಯ ಎದೆಯಿಂದ.

ಗುರುಬಾಯಿ ಎದ್ದು ಕೂತು ಹೇಳಿದ್ದಿಷ್ಟು: ಎದೆಯ ಮೇಲೆ ಯಾರೋ ಕೂತಿದ್ದರು, ಗದ್ದದ ಕೆಳಗೆ ಬೆರಳುಗಳು ಆಡುತ್ತಿದ್ದವು, ತಾನು ಕೂಗಿದರೂ ದನಿ ಹೊರಡಲಿಲ್ಲ. ಯಾರು ಎಂದು ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಕೌದಿ ದೂರ ನೆಲದ ಮೇಲೆ ಬಿದ್ದಿತ್ತು. ಅವನು ಅದನ್ನು ಎತ್ತಿ ತಂದು ಮತ್ತೆ ಅವಳಿಗೆ ಹೊದಿಸಿದ.

ಊರ ಬಾಯಿಗೆ ಬಾಗಿಲುಂಟೇ! ರೇಣವ್ವನ ಸೀರೆಯನ್ನು ರೇಣವ್ವನೇ ಬಂದು ಎಳೆಯುತ್ತಿದ್ದಾಳೆ ಎಂದರು. ಏನೋ ಆಸೆ ಉಳಿದಿದೆ, ಸೊಸೆ ಏನೋ ಕಡಿಮೆ ಮಾಡಿದ್ದಾಳೆ ಎಂದರು. ಈ ಕೊನೆಯ ಮಾತು ಗುರುಬಾಯಿಯ ಕರುಳಿಗೆ ನಾಟಿತು. ಉಸಿರಿನ ಸಂಕಟವನ್ನಾದರೂ ಆಕೆ ತಡೆದಾಳು, ಇದನ್ನು ತಡೆಯಲಾರಳು. ರೊಟ್ಟಿ ಬಡಿಯುತ್ತ, ಅಂಗಳದ ಸದೆ ಕೀಳುತ್ತ ಒಂದೇ ಲೆಕ್ಕ: ನಾನೇನು ಕಡಿಮೆ ಮಾಡಿದೆ, ಅತ್ತಿ ನನ್ನಿಂದ ಏನು ಬೇಡುತ್ತಾಳೆ. ಹೊಸ ಹಸಿರು ಸೀರೆ ಇಟ್ಟು ಎಡೆ ಹಿಡಿದರು. ಹೋಳಿಗೆ, ಕರಿಗಡಬು, ರೇಣವ್ವನಿಗೆ ಇಷ್ಟವಾದ ಪುಂಡಿಪಲ್ಲೆ, ಒಂದೂ ಬಿಡಲಿಲ್ಲ. ದೀಪಾವಳಿ ಕಳೆದು ಚಳಿ ಬಿದ್ದ ಮೇಲೆ ಎಲ್ಲ ತಾನಾಗಿಯೇ ನಿಂತಿತು. ನೋಡಿದಿರಾ, ಉಂಡು ಹೋದಳು ಎಂದು ಊರು ನಿಟ್ಟುಸಿರು ಬಿಟ್ಟಿತು.

ಮರುವರ್ಷ ಪಕ್ಷ ಹತ್ತಿರ ಬಂದಂತೆ ರೇಣವ್ವ ಮತ್ತೆ ಬಂದಳು. ಅದರ ಮರುವರ್ಷ ಬಂದಾಗ ಹಿಂದಿನ ಎರಡು ಸಲ ಏನೂ ಅಲ್ಲ ಎನ್ನುವಂತೆ ಬಂದಳು. ಗುರುಬಾಯಿ ಗೋಡೆ ಹಿಡಿದು ನಿಂತವಳು ಹಾಗೇ ಜಾರಿ ಕೂತಳು, ತುಟಿ ನೇರಳೆಯಾಯಿತು, ಎರಡು ಮಾತು ಸೇರಿಸಿ ಆಡಲಾಗಲಿಲ್ಲ. ಚಂದ್ರಕಾಂತ ಜೀಪು ಮಾಡಿಸಿ ವಿಜಯಪುರಕ್ಕೆ ಒಯ್ದ.

ಅಲ್ಲಿ ಎದೆ ನೋಡುವ ಡಾಕ್ಟರ್ ನಿರ್ಮಲಾ ಬಾಯಿ, ಮೂಗಿಗೆ ಹೊಗೆಯ ಔಷಧ ಹಿಡಿಸಿ, ಸೂಜಿ ಕೊಟ್ಟು, ಉಸಿರು ನೆಲೆಗೆ ಬಂದ ಮೇಲೆ ಕೂಡಿಸಿಕೊಂಡು ಮಾತಾಡಿಸಿದರು. ಇದು ಅಲರ್ಜಿ, ಗಾಳಿಯಲ್ಲಿ ಬರುವ ಏನೋ ಒಂದು ನಿಮ್ಮ ಮೈಗೆ ಆಗುವುದಿಲ್ಲ, ಅದು ಈ ಹಂಗಾಮಿನಲ್ಲಿ ಹೆಚ್ಚು, ಮೂಗಿನಿಂದ ಎದೆಗೆ ಇಳಿದಿದೆ ಎಂದು ಬಿಡಿಸಿ ಹೇಳಿದರು. ದಿನಾ ಎಳೆಯಲು ಒಂದು ಪಂಪು, ಮೂಗಿಗೆ ಸಿಂಪಡಿಸುವ ಔಷಧ, ಗುಳಿಗೆ ಬರೆದರು. ಮನೆಯ ಧೂಳಿನ ಹುಳದಿಂದಲೂ ಹೀಗಾಗುವುದುಂಟು, ಹಾಸಿಗೆ ಹೊದಿಕೆ ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆದು ಚೆನ್ನಾಗಿ ಬಿಸಿಲಿಗೆ ಒಣಗಿಸಿ ಎಂದೂ ಹೇಳಿದರು.

ಈ ಕೊನೆಯ ಮಾತು ಕೇಳಿ ಗುರುಬಾಯಿಗೆ ಆದ ಸಂತೋಷ ಕೇಳಬೇಡಿ. ಉಳಿದದ್ದನ್ನು ಯಾರು ಕಂಡರು, ಒಗೆಯುವುದು ತನ್ನ ಕೈಯಲ್ಲಿದೆ! ಪಂಪಿಗೆ ಮಾತ್ರ ಹೆದರಿದಳು. ಒಮ್ಮೆ ಹಚ್ಚಿದರೆ ಸಾಯುವ ತನಕ ಬಿಡುವುದಿಲ್ಲ ಎಂದು ಬಸ್ಸಿನಲ್ಲಿ ಯಾರೋ ಹೇಳಿದ್ದೇ ಸಾಕಾಯಿತು, ಅದು ಅರಿವೆಯ ಪೆಟ್ಟಿಗೆಯ ತಳ ಸೇರಿತು. ವಾರಕ್ಕೊಮ್ಮೆ ಎಂದರೆ ಈಕೆ ಮೂರು ದಿನಕ್ಕೊಮ್ಮೆ ಒಗೆದಳು. ಹಂಡೆಯಲ್ಲಿ ಕೌದಿ ಕುದಿಸಿ, ಕಾಲುವೆಗೆ ಒಯ್ದು ಜಾಲಿಸಿ, ದಂಡೆಯ ಮೇಲೆ ಹರವಿ, ಸಂಜೆ ಎದೆಗವಚಿಕೊಂಡು ತರುವಳು. ಅಂದು ಮಲಗಿದರೆ ರೇಣವ್ವ ಇನ್ನೂ ಭಾರವಾಗಿ ಕೂರುವಳು. ಒಗೆದಷ್ಟೂ ಹೆಚ್ಚಾಯಿತು. ತನ್ನ ಸೀರೆಯನ್ನು ಕುದಿಸಿದ್ದು ಅತ್ತೆಗೆ ಸೇರಲಿಲ್ಲವೇನೋ ಎಂದು ಗುರುಬಾಯಿ ಕೌದಿಯ ಮೇಲೆ ಕೈಯಾಡಿಸಿ ತಪ್ಪಾಯಿತು ಎಂದು ಬೇಡಿಕೊಂಡಳಂತೆ.

ಆಗ ನಾದಿನಿ ಮಾಲಾ ಬಂದಳು. ರೇಣವ್ವನ ಒಬ್ಬಳೇ ಮಗಳು, ಕೊಟ್ಟದ್ದು ತೊರವಿಗೆ, ಗಂಡನಿಗೆ ವಿಜಯಪುರದಲ್ಲಿ ಗುಮಾಸ್ತಿಕೆ. ದೆವ್ವದ ಮಾತು ಆಕೆಗೆ ಸೇರದು, ನಾಲಿಗೆಯೂ ಬಲು ಚುರುಕು. ನಮ್ಮವ್ವ ಬದುಕಿದ್ದಾಗ ಯಾರ ಎದೆಯ ಮೇಲೂ ಕೂತವಳಲ್ಲ, ಸತ್ತ ಮೇಲೆ ಯಾಕೆ ಕೂರುತ್ತಾಳೆ ಎಂದು ಅಣ್ಣನನ್ನು ತರಾಟೆಗೆ ತೆಗೆದುಕೊಂಡು, ವೈನಿಯನ್ನು ತನ್ನ ಮನೆಗೆ ಕರೆದೊಯ್ದಳು.

ತೊರವಿಯಲ್ಲಿ ಗುರುಬಾಯಿ ಮಗುವಿನಂತೆ ಮಲಗಿದಳು. ಎರಡೇ ದಿನಕ್ಕೆ ಸಿಳ್ಳೆ ಕಡಿಮೆಯಾಯಿತು, ನಾಲ್ಕನೆಯ ದಿನ ಇಬ್ಬರೂ ಬಾಗಿಲಲ್ಲಿ ಕೂತು ಹುರಿದ ಶೇಂಗಾ ತಿನ್ನುತ್ತ ನಗುತ್ತಿದ್ದರು. ಅತ್ತೆ ಊರ ಗಡಿ ದಾಟಿ ಬರಲಿಲ್ಲ ಎಂದು ಗುರುಬಾಯಿಗೆ ನಿರಾಳವಾಯಿತು, ಜೊತೆಗೆ ಒಂದಿಷ್ಟು ಕೆಡುಕೂ ಎನಿಸಿತು. ಮಾಲಾಗೆ ಒಂದು ಆಸೆ ಬಂತು: ಅವ್ವನ ಸೀರೆಯ ಕೌದಿ ತನ್ನ ಮನೆಯಲ್ಲೂ ನಾಲ್ಕು ದಿನ ಇರಲಿ. ಅಣ್ಣನಿಗೆ ಫೋನು ಮಾಡಿದಳು. ಡಾಕ್ಟರು ಹೇಳಿದ್ದನ್ನು ಚಂದ್ರಕಾಂತ ಮರೆತಿರಲಿಲ್ಲ. ಹೆಂಡತಿ ಇಲ್ಲದಾಗ ತಾನೇ ಕೌದಿ ಕುದಿಸಿ, ಕಾಲುವೆಯಲ್ಲಿ ಜಾಲಿಸಿ, ದಂಡೆಯಲ್ಲಿ ಗರಿಗರಿ ಒಣಗಿಸಿ, ಚೀಲದಲ್ಲಿ ಕಟ್ಟಿಕೊಂಡು ಬಸ್ಸಿಗೆ ತಂದ.

ಮಧ್ಯಾಹ್ನ ಊಟವಾಗಿತ್ತು. ಗುರುಬಾಯಿ ಆ ಕೌದಿಯನ್ನು ಮುಖದ ತುಂಬ ಎಳೆದುಕೊಂಡು ಕೋಣೆಯಲ್ಲಿ ಅಡ್ಡಾದಳು. ಚಂದ್ರಕಾಂತ ಮಾಲಾಳ ಗಂಡನ ಜೊತೆ ಪೇಟೆಗೆ ಹೋದ. ಮಾಲಾ ಒಳಗೆ ಪಾತ್ರೆ ತಿಕ್ಕುತ್ತಿದ್ದಳು. ತಿಕ್ಕುವ ಕೈ ನಿಂತಿತು.

ಕೋಣೆಯೊಳಗೆ ಅವ್ವ ಉಸಿರಾಡುತ್ತಿದ್ದಳು.

ಮಾಲಾ ಕೈಯ ನೊರೆಯನ್ನೂ ತೊಳೆಯದೆ ಬಾಗಿಲಿಗೆ ಬಂದಳು. ಹಾಡುಹಗಲು, ಕಿಟಕಿಯಿಂದ ಬಿಸಿಲು ಬಿದ್ದಿದೆ. ನೆಲದ ಮೇಲೆ ಹಸಿರು ಇಳಕಲ್ಲು, ತಾನು ಚಿಕ್ಕವಳಿದ್ದಾಗ ಸೆರಗು ಹಿಡಿದು ತಿರುಗಿದ್ದ ಅದೇ ಸೀರೆ, ಏಳುತ್ತಿದೆ, ಇಳಿಯುತ್ತಿದೆ. ಮುಖ ಕಾಣುವುದಿಲ್ಲ. ಎಳೆಯುವ ಸಿಳ್ಳೆ ಅವ್ವನದು, ತುದಿಯ ಕಿರ್ರು ಅವ್ವನದು. ದೆವ್ವ ಇಲ್ಲ ಎಂದು ಊರನ್ನೆಲ್ಲ ಬಯ್ದವಳು ಬಾಗಿಲ ಚೌಕಟ್ಟು ಹಿಡಿದು, ಮುಸುಕು ತೆಗೆದರೆ ಯಾರ ಮುಖ ಇರುತ್ತದೋ ಎಂದು ಅಲ್ಲೇ ನಿಂತಳು. ಸಿಳ್ಳೆ ಸಣ್ಣಗಾಗುತ್ತ ಬಂತು. ಸಣ್ಣಗಾಗಿ ನಿಂತೇ ಹೋಗುತ್ತದೆ ಎನಿಸಿದಾಗ ಕಣ್ಣು ಮುಚ್ಚಿ ಕೌದಿ ಕಿತ್ತೆಸೆದಳು. ಗುರುಬಾಯಿಯ ಕಣ್ಣುಗಳು ಮೇಲಕ್ಕೆ ಸಿಕ್ಕಿಕೊಂಡಿದ್ದವು, ತುಟಿಯಲ್ಲಿ ಬಣ್ಣವಿರಲಿಲ್ಲ.

ನೆರೆಮನೆಯ ರಿಕ್ಷಾದಲ್ಲಿ ಹಾಕಿಕೊಂಡು ಹೋದರು, ಜೀವ ಉಳಿಯಿತು. ಪೇಟೆ ಹತ್ತಿರವಿತ್ತು, ಅದಕ್ಕೆ. ಘೋಣಸಗಿಯಲ್ಲಾಗಿದ್ದರೆ ಏನಾಗುತ್ತಿತ್ತೆಂದು ನಿರ್ಮಲಾ ಬಾಯಿ ಹೇಳಲಿಲ್ಲ, ಪೆಟ್ಟಿಗೆಯ ತಳದ ಪಂಪಿನ ಸುದ್ದಿ ತಿಳಿದಾಗ ಮಾತ್ರ ಚೆನ್ನಾಗಿ ಬಯ್ದರು. ಅದು ಚಟವಲ್ಲ, ಎದೆಯ ಕೊಳವೆಯ ಬಾವು ಇಳಿಸುವ ಔಷಧ, ದಿನಾ ಎಳೆದರೆ ಇಂಥ ದಿನ ಬರುವುದಿಲ್ಲ ಎಂದರು. ಅವರಿಗೂ ಒಂದು ಪ್ರಶ್ನೆ ಕಾಡುತ್ತಿತ್ತು. ತೊರವಿಯಲ್ಲಿ ಹಗುರಾದವಳಿಗೆ ಒಂದೇ ಮಧ್ಯಾಹ್ನ ಹೀಗೆ ಏರಿದ್ದೇಕೆ?

ಮೈ ಪೂರ್ತಿ ಸುಧಾರಿಸಿದ ಮೇಲೆ, ಗುಳಿಗೆಗಳನ್ನು ಒಂದು ವಾರ ನಿಲ್ಲಿಸಿ, ಮುಂಗೈಯ ಮೇಲೆ ಹನಿಹನಿ ಔಷಧ ಇಟ್ಟು ಸೂಜಿಮೊನೆಯಿಂದ ಚುಚ್ಚಿ ಪರೀಕ್ಷೆ ಮಾಡಿದರು. ಧೂಳಿನ ಹುಳದ ಹನಿ ಇಟ್ಟಲ್ಲಿ ಏನೂ ಏಳಲಿಲ್ಲ. ಜೋಳದ ಹೂವಿನ ಹನಿಗೆ ಏನೂ ಇಲ್ಲ. ಒಂದೇ ಒಂದು ಹನಿಯಲ್ಲಿ ರೂಪಾಯಿಯಗಲ ಬೊಕ್ಕೆ ಎದ್ದು ಸುತ್ತ ಕೆಂಪು ಹರಡಿತು. ಅದು ಕಾಂಗ್ರೆಸ್ ಕಸದ ಹೂಪುಡಿ. ಬಿಳಿ ಅಕ್ಕಿನುಚ್ಚಿನಂಥ ಹೂವು ಬಿಡುವ ಆ ಹಾಳು ಗಿಡಕ್ಕೆ ಆ ಹೆಸರನ್ನು ಯಾರಿಟ್ಟರೋ, ನಮ್ಮ ಕಡೆ ಕೂಸಿಗೂ ಅದು ಗೊತ್ತು.

ಗುರುಬಾಯಿ ಒಪ್ಪಲಿಲ್ಲ. ಈ ತಿಂಗಳಲ್ಲಿ ತಾನು ಹೊಲಕ್ಕೇ ಹೋಗುವುದಿಲ್ಲ, ಅಂಗಳದಲ್ಲಿ ಒಂದು ಗಿಡ ಬೆಳೆಯಗೊಟ್ಟಿಲ್ಲ, ಡಾಕ್ಟರು ಹೇಳಿದಂತೆ ಒಗೆದ ಹಾಸಿಗೆಯಲ್ಲೇ ಮಲಗಿದ್ದೇನೆ ಎಂದು ವಾದಿಸಿದಳು.

“ಒಗದಿದ್ದು ಖರೇ. ಒಣಗಸೂದು ಎಲ್ಲಿ?” ಎಂದರು ನಿರ್ಮಲಾ ಬಾಯಿ.

“ಕಾಲುವಿ ದಂಡಿ ಮ್ಯಾಲ್ರಿ. ಎಲ್ಲಾರೂ ಅಲ್ಲೇ ಹಾಕ್ತಾರ. ನೆಲಕ್ಕ ಹಾಕಿದ್ರ ಮಣ್ಣು ಹತ್ತತೈತಿ, ಅದಕ್ಕ ಗಿಡದ ಮ್ಯಾಲೆ ಹರವತೇವ್ರಿ. ಕೆಳಗ ಗಾಳಿ ಆಡತೈತಿ, ಲಗೂನ ಒಣಗತಾವ.”

“ಯಾವ ಗಿಡ?”

ಗುರುಬಾಯಿ ತನ್ನ ಮುಂಗೈಯ ಬೊಕ್ಕೆಯನ್ನು ನೋಡಿದಳು. ದಂಡೆಯುದ್ದಕ್ಕೂ ಎದೆಯೆತ್ತರ ಸಮವಾಗಿ ಬೆಳೆದು, ಹಸಿ ಕೌದಿಯನ್ನು ನೆಲಕ್ಕೆ ತಾಗದಂತೆ ಎತ್ತಿ ಹಿಡಿಯುವ ಗಿಡ ಅಲ್ಲಿ ಅದೊಂದೇ ಇತ್ತು. ಸಂಜೆ ಕೌದಿ ತೆಗೆದರೆ ಬೆನ್ನಿಗೆ ಬಿಳಿ ಪುಡಿ ಮೆತ್ತಿರುತ್ತಿತ್ತು. ಅದನ್ನು ಕೊಡವಿದರೆ ಹೋಯಿತು ಎಂದುಕೊಂಡಿದ್ದಳು. ಎಲ್ಲಿ ಒಣಗಿಸುತ್ತೀರಿ ಎಂದು ನಾನು ಮೊದಲೇ ಕೇಳಬೇಕಿತ್ತು ಎಂದು ಡಾಕ್ಟರು ತಮ್ಮ ಪಾಡಿಗೆ ಹೇಳಿಕೊಂಡರು. ಇಂಥ ಮೈಗುಣ ರಕ್ತದಲ್ಲಿ ಇಳಿದು ಬರುವುದುಂಟು, ನಿಮ್ಮ ಕಡೆಯವರಲ್ಲಿ ಯಾರಿಗಾದರೂ ಇತ್ತೇ ಎಂದೂ ಕೇಳಿದರು. ಮಾಲಾ ವೈನಿಯ ಮುಖ ನೋಡಿದಳು. ಗುರುಬಾಯಿ ಎದ್ದು ಹೊರಗೆ ಹೋಗಿ ಬೆಂಚಿನ ಮೇಲೆ ಕೂತಳು.

ಅಲ್ಲಿಂದ ಮುಂದೆ ಮನೆಯ ರೀತಿಯೇ ಬದಲಾಯಿತು. ಮಾಳಿಗೆಯ ಕೋಣೆಯಲ್ಲಿ ಹಗ್ಗ ಕಟ್ಟಿ, ಕಿಟಕಿ ಮುಚ್ಚಿ, ಫ್ಯಾನು ಹಾಕಿ ಒಣಗಿಸಿದರು. ಎರಡು ದಿನ ಹಿಡಿಯುತ್ತಿತ್ತು, ಹಿಡಿಯಲಿ. ಗುರುಬಾಯಿ ಮುಂಜಾನೆ ಸಂಜೆ ಪಂಪು ಎಳೆದು ಬಾಯಿ ಮುಕ್ಕಳಿಸುವಳು, ಮಳೆಗಾಲ ಮುಗಿಯುವ ಮುಂಚೆಯೇ ಮೂಗಿನ ಔಷಧ ಶುರು ಮಾಡುವಳು. ಹೊರಗೆ ಹೋದರೆ ಮೂಗು ಬಾಯಿಗೆ ಬಟ್ಟೆ, ಬಂದರೆ ತಲೆಗೆ ಸ್ನಾನ, ಉಟ್ಟ ಸೀರೆ ನೇರ ನೀರಿಗೆ. ಚಂದ್ರಕಾಂತ ಹೂವು ಬಿಡುವ ಮುಂಚೆಯೇ ಮನೆಯ ಸುತ್ತಲಿನ ಗಿಡ ಕಿತ್ತು ಹಾಕಿಸಿದ, ಅವಳನ್ನು ಅತ್ತ ಸುಳಿಯಗೊಡಲಿಲ್ಲ. ಮಾಲಾ ವಾರಕ್ಕೊಮ್ಮೆ ಫೋನು ಮಾಡಿ ಪಂಪು ಎಳೆದೆಯಾ ಎಂದು ಗದರಿಸುತ್ತಿದ್ದಳು.

ಹಿರಿಯರ ಪಕ್ಷ ಬಂತು. ರೇಣವ್ವ ಬರಲಿಲ್ಲ. ಮನೆ ಸದ್ದಿಲ್ಲದೆ ಮಲಗುತ್ತಿತ್ತು. ಗುರುಬಾಯಿಗೆ ಮಾತ್ರ ನಿದ್ದೆಯಿಲ್ಲ. ಅತ್ತಿ ನನ್ನಿಂದ ಏನು ಬೇಡುತ್ತಾಳೆ ಎಂದು ವರ್ಷಗಟ್ಟಲೆ ಕೇಳಿಕೊಂಡವಳಿಗೆ ಈಗ ಬೇರೆ ಪ್ರಶ್ನೆ ಎದ್ದಿತ್ತು, ಅದನ್ನು ಯಾರಿಗೂ ಕೇಳುವಂತಿರಲಿಲ್ಲ. ಮೈಮೇಲೆ ಒಂದು, ದಂಡೆಯ ಮೇಲೆ ಒಂದು. ಕುತ್ತಿಗೆಯವರೆಗೆ ಎಳೆದು ಅಂಚು ಒಳಗೆ ಸಿಗಿಸಿದ್ದು ಯಾರ ಕೈ? ಕಡಿಮೆ ಮಾಡಿರಲಿಲ್ಲ ಆಕೆ, ಒಂದು ದಿನವೂ ತಪ್ಪಿಸಿರಲಿಲ್ಲ. ಒಮ್ಮೊಮ್ಮೆ ಕತ್ತಲಲ್ಲಿ ಉಸಿರು ಬಿಗಿಹಿಡಿದು ಆ ಸಿಳ್ಳೆಗಾಗಿ ಕಿವಿಗೊಡುವಳು. ಬಂದು ಎದೆಯ ಮೇಲೆ ಕೂತರೂ ಸರಿ, ಒಮ್ಮೆ ಬರಲಿ ಎನಿಸುತ್ತಿತ್ತು.

ಅಮಾಸೆಯ ದಿನ ಎಡೆ ಹಿಡಿದು, ಬಬಲೇಶ್ವರದಿಂದ ಬಂದ ನೆಂಟರಿಗೆ ಬಡಿಸುವಾಗ ಚಂದ್ರಕಾಂತ ಮತ್ತೆ ಅದೇ ಮಾತು ತೆಗೆದ. ಈಕೆ ಇರದಿದ್ದರೆ ಅವ್ವ ಎಂದೋ ಹೋಗುತ್ತಿದ್ದಳು, ದಿನಾ ಕೌದಿ ಒಗೆದು ಬಿಸಿಬಿಸಿ ಹೊದಿಸಿದ್ದಾಳೆ, ಹೊಟ್ಟೆಯಲ್ಲಿ ಹುಟ್ಟಿದ ಮಗಳೂ ಮಾಡುವುದಿಲ್ಲ. ನೆಂಟರು ಹೌದು ಹೌದು ಎಂದು ತಲೆಯಾಡಿಸುತ್ತ ಹೋಳಿಗೆ ಮುರಿದರು. ಗುರುಬಾಯಿ ತುಪ್ಪದ ಗಿಂಡಿಯನ್ನು ಅಲ್ಲೇ ನೆಲಕ್ಕಿಟ್ಟು ಒಳಗೆ ಹೋದಳು.

ನೆಂಟರು ಬಸ್ಸಿಗೆ ಹೋದ ಮೇಲೆ ಗಂಡನೆದುರು ನೆಲಕ್ಕೆ ಕೂತಳು. ಇನ್ನು ಅವಳಿಂದ ತಡೆಯಲಾಗಲಿಲ್ಲ.

“ಆ ಮಾತು ಇನ್ನ ಯಾರ ಮುಂದೂ ಆಡಬ್ಯಾಡ್ರಿ. ಅತ್ತಿನ್ನ ನಾನ ಕೊಂದೇನಿ. ನನ್ನ ಉಸಿರು ಕಟ್ಟಿದ್ದ ಅದ ದಂಡಿ ಕೌದಿ ಆಕಿಗೂ ನಾನ ಹೊಚ್ಚೇನಿ.”

ಬಯ್ಯುತ್ತಾನೆ, ಇಲ್ಲವೆ ಹುಚ್ಚಿ ಎಂದು ಸಮಾಧಾನ ಹೇಳುತ್ತಾನೆ, ಎರಡರಲ್ಲಿ ಒಂದು ಎಂದು ಅವಳು ತಲೆ ತಗ್ಗಿಸಿ ಕಾದಳು. ಚಂದ್ರಕಾಂತ ಎಡೆಯ ಮುಂದಿನ ದೀಪದ ಬತ್ತಿಯನ್ನು ಮುಂದಕ್ಕೆ ಸರಿಸಿದ. ಡಾಕ್ಟರು ಗಿಡದ ಹೆಸರು ಹೇಳಿದ ದಿನದಿಂದಲೂ ಅವನು ಬಂದವರೆದುರು ಅದೇ ಹೊಗಳಿಕೆಯನ್ನು ಮೊದಲಿಗಿಂತ ಜೋರಾಗಿ ಹೇಳುತ್ತಿದ್ದುದನ್ನು ಆಕೆ ಗಮನಿಸಿರಲಿಲ್ಲ.

“ನೀ ಅಲ್ಲ,” ಎಂದ. “ಅವತ್ತ ನೀ ಒಳಗ ಚಾ ಕಾಸಾಕ ಹೋಗಿದ್ದಿ. ಅವ್ವ ಕೌದಿ ಒದ್ದು ಒದ್ದು ತಗೀತಿದ್ಲು. ಥಂಡಿ ಆದೀತು ಅಂತ ನಾ ಮತ್ತ ಮತ್ತ ಹೊಚ್ಚಿದೆ. ಕೈಲೆ ಎಳದ್ಲು. ಎರಡೂ ಕೈ ಹಿಡದು ಕೌದಿ ಒಳಗ ಇಟ್ಟು, ಮ್ಯಾಲೆ ಒತ್ತಿ ಹಿಡಕೊಂಡು ಕುಂತೆ. ಏನೋ ಹೇಳಾಕ ಬಾಯಿ ತಗದಿದ್ಲು. ಆಮ್ಯಾಲೆ ಕೈ ಸಡ್ಲ ಬಿಟ್ಲು. ನಿದ್ದಿ ಹತ್ತಿತು ಅಂದಕೊಂಡೆ. ನೀ ಚಾ ತಂದಾಗ ನಾ ಇನ್ನೂ ಹಂಗ ಒತ್ತಿ ಹಿಡಕೊಂಡ ಕುಂತಿದ್ದೆ.”